ಪ್ರೂಫ್ ನಾಣ್ಯ ನೋಡುವುದು ಹೇಗೆ: ಒಂದು ಬಲ್ಬು, ಒಂದು ಭೂತಗನ್ನಡಿ, 1964ರ ಒಂದು ಕೆನಡಿ

ನನ್ನ ಮೊದಲ ಪ್ರೂಫ್ ನಾಣ್ಯವನ್ನು, ಅಂದರೆ ಹೊಳಪು ಕೊಟ್ಟ ಅಚ್ಚಿನಿಂದ ವಿಶೇಷವಾಗಿ ಒತ್ತಿದ ನಾಣ್ಯವನ್ನು, ನಾನೇ ಕೈಯಾರೆ ಹಾಳು ಮಾಡಿದೆ. ಬೆಂಜಮಿನ್ ಫ್ರಾಂಕ್ಲಿನ್ ಮುಖ ಇರುವ 1963ರ ಅರ್ಧ ಡಾಲರ್ ಅದು. ಸ್ಯಾನ್ ಹೋಸೆಗೆ ಬಂದ ಹೊಸತರಲ್ಲಿ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕಿತ್ತು. ಮೇಲೆ ತೆಳ್ಳಗೆ ನೀಲಿ ಮಬ್ಬು ಕೂತಿತ್ತು, ಅಷ್ಟೇ. ಊರಲ್ಲಿ ಹಬ್ಬದ ಹಿಂದಿನ ದಿನ ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಅಂತ ಅಮ್ಮ ತಿಕ್ಕುವುದನ್ನು ನೋಡಿ ಬೆಳೆದವನು ನಾನು. ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ ಇತ್ತು, ಮನೆಯಲ್ಲಿ ಹಳೆಯ ಬನಿಯನ್ ಇತ್ತು. ಎರಡು ನಿಮಿಷ ಉಜ್ಜಿದೆ. ಮಬ್ಬು ಹೋಯಿತು, ನಾಣ್ಯ ಫಳಫಳ ಹೊಳೆಯಿತು, ಹೆಂಡತಿಗೆ ತೋರಿಸಿ ಬೀಗಿದೆ. ವಾರ ಬಿಟ್ಟು ನಾಣ್ಯದ ಅಂಗಡಿಗೆ ಹೋದಾಗ ಅಲ್ಲಿದ್ದ ವಯಸ್ಸಾದವರು ಅದನ್ನು ಬಲ್ಬಿನ ಕೆಳಗೆ ಒಂದೇ ಸಲ ಓರೆ ಮಾಡಿ, ಏನೂ ಮಾತಾಡದೆ ನನ್ನ ಕಡೆ ತಿರುಗಿಸಿದರು. ಫ್ರಾಂಕ್ಲಿನ್ ಮುಖದ ಸುತ್ತ ಜೇಡರ ಬಲೆಯ ಹಾಗೆ ಕೂದಲೆಳೆ ಗೀರುಗಳು. ಬೆಳ್ಳಿಯ ತೂಕದ ಬೆಲೆಗೆ ಬೇಕಾದರೆ ತಗೊಳ್ತೀನಿ ಅಂದರು.

ಅಂದಿನಿಂದ ಪ್ರೂಫ್ ನಾಣ್ಯ ಕೈಗೆ ಬಂದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ನನಗೆ ಕಾಣುತ್ತಿರುವುದು ಟಂಕಸಾಲೆಯಲ್ಲಿ ಆಗಿದ್ದೋ, ಅಲ್ಲಿಂದ ಹೊರಬಂದ ಮೇಲೆ ಯಾರೋ ಮಾಡಿದ್ದೋ? ವಿನ್ಯಾಸದ ಬಗೆ ಗುರುತಿಸುವುದು, ಮೇಲ್ಮೈ ಹೇಗಿದೆ ಅಂತ ನೋಡುವುದು, ಎರಡೂ ಕೊನೆಗೆ ಈ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತವೆ. ಇಲ್ಲಿ ಹೇಳುವುದೆಲ್ಲ ಅಮೆರಿಕದ ನಾಣ್ಯಗಳ ಬಗ್ಗೆ, ಯಾಕೆಂದರೆ ನಾನು ಜಾಸ್ತಿ ನೋಡಿರುವುದು ಅವನ್ನೇ. ಈ ಕಡೆ ಇರುವ ಕನ್ನಡದವರಿಗೆ ಇನ್ನೊಂದು ಅನುಕೂಲವೂ ಇದೆ. 50, 60ರ ದಶಕದ ಪ್ರೂಫ್ ಸೆಟ್‌ಗಳು (ಒಂದು ವರ್ಷದ ಪ್ರೂಫ್ ನಾಣ್ಯಗಳೆಲ್ಲ ಒಟ್ಟಿಗೆ ಇರುವ ಕಟ್ಟು) ಇಲ್ಲಿ ಈಗಲೂ ಸುಲಭವಾಗಿ ಸಿಗುತ್ತವೆ, ಅದೂ ಹೆಚ್ಚಿನ ಸಲ ಯಾರೂ ಸರಿಯಾಗಿ ನೋಡದೆ ಇಟ್ಟವು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಪ್ರೂಫ್ ಅಂದರೆ "ತುಂಬಾ ಚೆನ್ನಾಗಿರುವ ನಾಣ್ಯ" ಅಂತ ಅರ್ಥ ಅಲ್ಲ. ಅದು ನಾಣ್ಯ ತಯಾರಿಸುವ ಒಂದು ವಿಧಾನದ ಹೆಸರು. ಅಚ್ಚಿಗೆ ಕನ್ನಡಿಯಂತೆ ಹೊಳಪು ಕೊಡುತ್ತಾರೆ, ಒತ್ತುವ ಮೊದಲಿನ ಖಾಲಿ ಲೋಹದ ಬಿಲ್ಲೆಗೂ ಹೊಳಪು ಕೊಡುತ್ತಾರೆ, ನಿಧಾನವಾಗಿ ಜಾಸ್ತಿ ಒತ್ತಡದಲ್ಲಿ ಕಡಿಮೆ ಅಂದರೂ ಎರಡು ಸಲ ಒತ್ತುತ್ತಾರೆ. ಅದಕ್ಕೇ ಅಕ್ಷರಗಳು ಚಾಕುವಿನಲ್ಲಿ ಕೆತ್ತಿದಂತೆ ಇರುತ್ತವೆ, ಅಂಚು ಚೌಕವಾಗಿ ಎದ್ದು ನಿಲ್ಲುತ್ತದೆ. ಯಾರಾದರೂ ಆ ಪ್ರೂಫ್ ಅರ್ಧ ಡಾಲರನ್ನು ಜೇಬಿಗೆ ಹಾಕಿಕೊಂಡು ಹತ್ತು ವರ್ಷ ತಿರುಗಿದರೂ ಅದು ಪ್ರೂಫೇ, ಸವೆದ ಪ್ರೂಫ್ ಅಷ್ಟೇ. ಇದರ ಉಲ್ಟಾನೂ ನಿಜ. ಹೊಸ ಅಚ್ಚಿನಿಂದ ಮೊದಮೊದಲು ಬಂದ ಸಾಮಾನ್ಯ ನಾಣ್ಯ ಕೆಲವೊಮ್ಮೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಆದರೆ ಅಂಚು ದುಂಡಗಿರುತ್ತದೆ, ಅಕ್ಷರದ ಬುಡ ಮೆದುವಾಗಿರುತ್ತದೆ. ಅನುಮಾನ ಬಂದರೆ ಹೊಳಪು ಬಿಟ್ಟು ಅಂಚು ನೋಡಿ.

ಯಾವ ವರ್ಷ ಎಲ್ಲಿ ತಯಾರಾಯಿತು ಅನ್ನುವುದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ, ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. 1936ರಿಂದ 1942ರವರೆಗೆ, ಮತ್ತೆ 1950ರಿಂದ 1964ರವರೆಗೆ ಪ್ರೂಫ್ ಸೆಟ್‌ಗಳು ಫಿಲಡೆಲ್ಫಿಯಾದಲ್ಲಿ ಆದವು, ಅವಕ್ಕೆ ಟಂಕಸಾಲೆಯ ಗುರುತು (ಯಾವ ಟಂಕಸಾಲೆ ಅಂತ ಹೇಳುವ ಪುಟ್ಟ ಅಕ್ಷರ) ಇರುವುದಿಲ್ಲ. (1942ರ ಬೆಳ್ಳಿ ಬೆರೆತ ನಿಕಲ್, ಅಂದರೆ 5 ಸೆಂಟ್ ನಾಣ್ಯ, ಒಂದರಲ್ಲಿ ಮಾತ್ರ 'ಪಿ' ಇದೆ.) 1965, 66, 67ರಲ್ಲಿ ಪ್ರೂಫ್ ಮಾಡಲೇ ಇಲ್ಲ. ಆ ಮೂರು ವರ್ಷ ಬಂದದ್ದು ಸ್ಪೆಷಲ್ ಮಿಂಟ್ ಸೆಟ್. ಚೆನ್ನಾಗಿ ಹೊಳೆಯುತ್ತದೆ, ಪ್ರೂಫ್ ಅಲ್ಲ. 1966ರ ಪ್ರೂಫ್ ಇದೆ ತಗೊಳ್ಳಿ ಅಂತ ಯಾರಾದರೂ ಅಂದರೆ ನಕ್ಕು ಮುಂದೆ ಹೋಗಿ. 1968ರಿಂದ ಸ್ಯಾನ್ ಫ್ರಾನ್ಸಿಸ್ಕೊ, ಜೊತೆಗೆ 'ಎಸ್' ಗುರುತು.

ಬೆಳಕು

ಭೂತಗನ್ನಡಿ ಆಮೇಲೆ, ಮೊದಲು ಬೆಳಕು. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಟ್ಯೂಬ್‌ಲೈಟ್ ಎಲ್ಲ ಕಡೆಯಿಂದ ಬೀಳುತ್ತದೆ, ಗೀರುಗಳನ್ನು ಮುಚ್ಚಿಹಾಕುತ್ತದೆ. ನಾಣ್ಯ ಮೇಳಗಳಲ್ಲಿ ಕೆಲವರು ಅಂಥ ಬೆಳಕಿನ ಕೆಳಗೇ ಮೇಜು ಹಾಕುವುದು ಸುಮ್ನೆ ಅಲ್ಲ! ಒಂದೇ ಬಲ್ಬಿನ ಮೇಜುದೀಪ ಸಾಕು, ಹಳೆಯ ಕಾಲದ ತಂತಿ ಬಲ್ಬಾದರೆ ಇನ್ನೂ ಒಳ್ಳೆಯದು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಕೈಜಾರಿದರೆ ಇರಲಿ ಅಂತ. ನಾಣ್ಯವನ್ನು ಅಂಚು ಹಿಡಿದು ಎತ್ತಿ, ಹೆಬ್ಬೆರಳು ಮುಖದ ಮೇಲೆ ಎಂದೂ ಬೇಡ. ಅದರ ಮೇಲೆ ಬಾಗಿ ಮಾತಾಡಲೂ ಬೇಡಿ. ಎಂಜಲಿನ ಹನಿ ಕಣ್ಣಿಗೆ ಕಾಣದಷ್ಟು ಸಣ್ಣದು, ವರ್ಷ ಕಳೆದ ಮೇಲೆ ಕಪ್ಪು ಚುಕ್ಕೆಯಾಗಿ ಮೇಲೆ ಬರುತ್ತದೆ.

ಈಗ ನಾಣ್ಯವನ್ನು ನಿಧಾನಕ್ಕೆ ಓರೆ ಮಾಡುತ್ತಾ ತಿರುಗಿಸಿ. ಬಲ್ಬಿನ ಪ್ರತಿಬಿಂಬ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ ಕಾಣುತ್ತದಲ್ಲ, ಆ ಪ್ರತಿಬಿಂಬದ ಪಕ್ಕದಲ್ಲೇ, ಬೆಳಕು ಕತ್ತಲಾಗುವ ಗೆರೆಯಲ್ಲೇ, ಎಲ್ಲ ಗುಟ್ಟೂ ಇರುವುದು. ಸಾಮಾನ್ಯ ನಾಣ್ಯದಲ್ಲಿ ಬೆಳಕು ಗಾಡಿಚಕ್ರದ ಹಾಗೆ ಸುತ್ತುತ್ತದೆ. ಪ್ರೂಫ್‌ನಲ್ಲಿ ಹಾಗೆ ಸುತ್ತುವುದಿಲ್ಲ. ಒಂದು ಕೋನದಲ್ಲಿ ಪೂರ್ತಿ ಬಿಳಿ, ಇನ್ನೊಂದರಲ್ಲಿ ಪೂರ್ತಿ ಕಪ್ಪು. ಗೀರಿದ್ದರೆ ಆ ಕಪ್ಪಿನ ಮೇಲೆ ಬಿಳಿ ಎಳೆಯಾಗಿ ಮಿಂಚಿ ಮಾಯವಾಗುತ್ತದೆ. ಮೂವತ್ತು ಡಿಗ್ರಿ ತಿರುಗಿಸಿ ಮತ್ತೆ ಓರೆ ಮಾಡಿ, ಯಾಕೆಂದರೆ ಒಂದು ದಿಕ್ಕಿಗೆ ಎಳೆದ ಗೀರು ಇನ್ನೊಂದು ದಿಕ್ಕಿನಿಂದ ಬಂದ ಬೆಳಕಿಗೆ ಮಾತ್ರ ಕಾಣುತ್ತದೆ. ಪೂರ್ತಿ ಒಂದು ಸುತ್ತು ಆಗುವ ತನಕ ತೀರ್ಮಾನ ಮಾಡಬೇಡಿ. ನಾನು ಹಾಳು ಮಾಡಿದ ಆ ಫ್ರಾಂಕ್ಲಿನ್ ಈಗ ಇದಕ್ಕೇ ಉಪಯೋಗ, ಹೊಸಬರು ಯಾರಾದರೂ ಬಂದರೆ ಮೊದಲು ಅದನ್ನು ಕೈಗೆ ಕೊಡುತ್ತೇನೆ. ಒಂದು ಸಲ ಆ ವಿಭೂತಿ ಗೀರು ನೋಡಿದ ಕಣ್ಣು ಮತ್ತೆ ಮೋಸ ಹೋಗುವುದು ಕಷ್ಟ.

ಗೀರುಗಳಲ್ಲಿ ಎರಡು ಜಾತಿ

ಗೀರು ಕಂಡ ಕೂಡಲೇ ನಾಣ್ಯ ವಾಪಸ್ ಕೊಡಬೇಡಿ. ಅಚ್ಚಿಗೆ ಹೊಳಪು ಕೊಡುವಾಗ ಅಚ್ಚಿನ ಮೇಲೆ ಸಣ್ಣ ಗೀರು ಬೀಳುತ್ತವೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಬರುತ್ತದೆ, ಅಲ್ವಾ? ಹಾಗಾಗಿ ಅಚ್ಚಿನ ಗೀರು ನಾಣ್ಯದಲ್ಲಿ ಉಬ್ಬಿದ ಎಳೆ. ಅದು ಖಾಲಿ ಜಾಗದಲ್ಲಷ್ಟೇ ಓಡಿ, ಅಕ್ಷರದ ಅಥವಾ ಮುಖದ ಅಂಚಿಗೆ ಬಂದು ತಟ್ಟನೆ ನಿಲ್ಲುತ್ತದೆ. ಅದೇ ಬಟ್ಟೆಯ ಗೀರು ತಗ್ಗಾಗಿರುತ್ತದೆ. ಅದಕ್ಕೆ ಅಂಚು ಗಿಂಚು ಏನೂ ಗೊತ್ತಿಲ್ಲ, ಖಾಲಿ ಜಾಗದಿಂದ ಅಕ್ಷರದ ಮೇಲೆ ಹತ್ತಿ ಆ ಕಡೆ ಇಳಿದು ಹೋಗುತ್ತದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯದು ಟಂಕಸಾಲೆಯದು, ಎರಡನೆಯದು ನನ್ನಂಥವರದು.

ನೂಲಿನ ಗುರುತು ಅಂತ ಇನ್ನೊಂದಿದೆ. ಅಚ್ಚು ಒರೆಸಿದ ಬಟ್ಟೆಯ ಒಂದು ಎಳೆ ಅಲ್ಲೇ ಉಳಿದು, ಅದರ ಮೇಲೇ ನಾಣ್ಯ ಒತ್ತಿದರೆ, ಸೊಟ್ಟಗೆ ಬಾಗಿದ ದಾರದ ಆಕಾರದ ತಗ್ಗು ಬೀಳುತ್ತದೆ. ಇದು ತಗ್ಗಾಗಿದ್ದರೂ ಟಂಕಸಾಲೆಯದ್ದೇ. ಗುರುತಿಸುವುದು ಸುಲಭ, ಬಟ್ಟೆಯ ಗೀರುಗಳು ಗುಂಪಾಗಿ ನೇರ ಇರುತ್ತವೆ, ನೂಲು ಒಂಟಿಯಾಗಿ ಹುಳದ ಹಾಗೆ ಸುತ್ತಿಕೊಂಡಿರುತ್ತದೆ. ಮುಖದ ಮೇಲೇ ದೊಡ್ಡದಾಗಿ ಬಿದ್ದಿದ್ದರೆ ಬೆಲೆ ಇಳಿಯುತ್ತದೆ, ಮೂಲೆಯಲ್ಲಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ತಾಗಿದ ಗುರುತು. ಇಲ್ಲಿ ನನಗೆ ತುಂಬಾ ತಡವಾಗಿ ಹೊಳೆದ ಒಂದು ವಿಷಯ ಇದೆ. ಕನ್ನಡಿಯಂಥ ಜಾಗಕ್ಕೆ ಏನಾದರೂ ತಾಗಿದರೆ ಅದು ಮಂಕಾಗುತ್ತದೆ, ಬಿಳಿ ಫ್ರಾಸ್ಟ್ (ಹಿಮದಂಥ ಮಂಕು ಬಿಳುಪು) ಇರುವ ಮುಖಕ್ಕೆ ತಾಗಿದರೆ ಆ ಜಾಗ ಹೊಳೆಯುತ್ತದೆ. ಅಂದರೆ ಖಾಲಿ ಜಾಗದಲ್ಲಿ ಮಂಕು ಹುಡುಕಿ, ಕೆನ್ನೆಯ ಮೇಲೆ ಹೊಳಪು ಹುಡುಕಿ. ಕೆನಡಿ ಅರ್ಧ ಡಾಲರ್‌ನಲ್ಲಿ ದವಡೆ, ಫ್ರಾಂಕ್ಲಿನ್‌ನ ಕೆನ್ನೆ ಮತ್ತು ಭುಜ, ಅದರ ಹಿಂಬದಿಯ ಗಂಟೆಯ ಹೊಟ್ಟೆ, ಇವು ಮೊದಲು ತಾಗುವ ಜಾಗಗಳು.

ಮಬ್ಬು, ಹಸಿರು, ಬೆರಳಚ್ಚು

1955ರಿಂದ 1964ರ ತನಕದ ಸೆಟ್‌ಗಳು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಅಂಟಿಸಿ, ಲಕೋಟೆಯೊಳಗೆ ಬಂದವು. (1955ರಲ್ಲಿ ಹಳೆಯ ಪೆಟ್ಟಿಗೆಯೂ ಇತ್ತು, ಹೊಸ ಹಾಳೆಯೂ ಇತ್ತು.) ಅರವತ್ತು ವರ್ಷ ಅದರಲ್ಲೇ ಕೂತರೆ ಮಬ್ಬು ಬರದೆ ಇರುತ್ತದೆಯೇ? ತೆಳ್ಳನೆಯ, ಎಲ್ಲ ಕಡೆ ಸಮನಾಗಿ ಹರಡಿದ ನೀಲಿ ಅಥವಾ ಹೊಗೆ ಬಣ್ಣದ ಮಬ್ಬು ಹೆಚ್ಚಿನ ಸಲ ಮೇಲೆ ಮೇಲೆ ಕೂತಿದ್ದಷ್ಟೇ. ಅದರ ಕೆಳಗೆ ಕನ್ನಡಿ ಹಾಗೇ ಇರುತ್ತದೆ. ಅಂಟಂಟಾದ ಹಸಿರು ಪದರ ಕಂಡರೆ ಅದು ಬೇರೆ ಕತೆ, ಮೆತ್ತನೆಯ ಪಿವಿಸಿ ಕವರಿನಿಂದ ಇಳಿದ ಎಣ್ಣೆ. ಬಿಟ್ಟರೆ ಲೋಹವನ್ನೇ ತಿನ್ನುತ್ತದೆ.

ಎರಡಕ್ಕೂ ನಾನು ಬಳಸುವುದು ಶುದ್ಧ ಅಸಿಟೋನ್, ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವಂಥದ್ದು. ಉಗುರುಬಣ್ಣ ತೆಗೆಯುವ ಬಾಟಲಿ ಬೇಡ, ಅದರಲ್ಲಿ ವಾಸನೆ, ಎಣ್ಣೆ, ಬಣ್ಣ ಎಲ್ಲ ಸೇರಿರುತ್ತದೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ, ಕೆಲವು ನಿಮಿಷ ಬಿಟ್ಟು, ಇನ್ನೊಂದು ಬಟ್ಟಲಲ್ಲಿ ಹೊಸ ಅಸಿಟೋನಿಗೆ ಅದ್ದಿ ತೆಗೆಯಿರಿ. ತಾನೇ ಆರುತ್ತದೆ. ಒರೆಸಬೇಡಿ. ಹತ್ತಿ ಬೇಡ, ಟಿಶ್ಯೂ ಬೇಡ, ಮೆತ್ತನೆಯ ಕನ್ನಡಕದ ಬಟ್ಟೆಯೂ ಬೇಡ. ಕಿಟಕಿ ತೆಗೆದಿಟ್ಟು ಮಾಡಿ, ಹತ್ತಿರ ಒಲೆ, ದೀಪ, ಊದುಬತ್ತಿ ಏನೂ ಇರಬಾರದು, ಬೇಗ ಹೊತ್ತಿಕೊಳ್ಳುತ್ತದೆ. ಅಸಿಟೋನ್ ಲೋಹಕ್ಕೆ ಏನೂ ಮಾಡುವುದಿಲ್ಲ, ಮೇಲಿನ ಎಣ್ಣೆ ಪ್ಲಾಸ್ಟಿಕ್ ಅಂಶವನ್ನಷ್ಟೇ ಕರಗಿಸುತ್ತದೆ. ಬೆಳ್ಳಿ ತೊಳೆಯುವ ಡಿಪ್ ದ್ರಾವಣ ಹಾಗಲ್ಲ, ಅದು ಬೆಳ್ಳಿಯ ಮೇಲ್ಪದರವನ್ನೇ ತೆಗೆಯುತ್ತದೆ. ಪ್ರೂಫ್‌ಗೆ ಅದನ್ನು ಮುಟ್ಟಿಸಲೇಬೇಡಿ. ತಾಮ್ರದ ಸೆಂಟ್‌ಗಳನ್ನು ನಾನು ಯಾವುದಕ್ಕೂ ಅದ್ದುವುದಿಲ್ಲ, ಅದು ನನ್ನ ಹೆದರಿಕೆ ಅಂತಲೇ ಇಟ್ಟುಕೊಳ್ಳಿ.

ಬೆರಳಚ್ಚು ಹೊಸದಾದರೆ ಹೋಗುತ್ತದೆ. ಹಳೆಯದಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬೆವರು ಲೋಹದ ಒಳಗೇ ಬರೆದಿದೆ ಅಂತ ಅರ್ಥ, ಏನು ಮಾಡಿದರೂ ಹೋಗುವುದಿಲ್ಲ. ಬೆಳ್ಳಿಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದರೂ ಅಷ್ಟೇ.

ಕ್ಯಾಮಿಯೊ

ಕಪ್ಪು ಕನ್ನಡಿಯ ಮೇಲೆ ಹಿಮದಂಥ ಬಿಳಿ ಮುಖ ಎದ್ದು ಕಂಡರೆ ಅದನ್ನು ಕ್ಯಾಮಿಯೊ ಅನ್ನುತ್ತಾರೆ. ಇನ್ನೂ ಗಾಢವಾಗಿದ್ದರೆ, ನಾಣ್ಯಕ್ಕೆ ಅಂಕ ಕೊಡುವ ಎರಡು ಕಂಪನಿಗಳಲ್ಲಿ ಪಿಸಿಜಿಎಸ್‌ನವರು ಡೀಪ್ ಕ್ಯಾಮಿಯೊ ಅನ್ನುತ್ತಾರೆ, ಎನ್‌ಜಿಸಿಯವರು ಅಲ್ಟ್ರಾ ಕ್ಯಾಮಿಯೊ ಅನ್ನುತ್ತಾರೆ. ಹೆಸರು ಬೇರೆ, ವಿಷಯ ಒಂದೇ. 1978ರ ಈಚೆಗೆ ಬಂದ ಹೆಚ್ಚುಕಡಿಮೆ ಎಲ್ಲ ಪ್ರೂಫ್‌ಗಳೂ ಹೀಗೇ ಇರುತ್ತವೆ, ಅದಕ್ಕೆ ವಿಶೇಷ ಬೆಲೆ ಏನಿಲ್ಲ. 1950ರಿಂದ 1970ರ ತನಕದ್ದರಲ್ಲಿ ಸಿಕ್ಕರೆ ಮಾತ್ರ ಹಬ್ಬ. ಕಾರಣ ಸರಳ. ಆಗ ಅಚ್ಚನ್ನು ನೈಟ್ರಿಕ್ ಆಸಿಡ್ ಬೆರೆಸಿದ ದ್ರಾವಣದಲ್ಲಿ ಅದ್ದಿ ಒರಟು ಮಾಡಿ, ಆಮೇಲೆ ಖಾಲಿ ಜಾಗಕ್ಕಷ್ಟೇ ಹೊಳಪು ಕೊಡುತ್ತಿದ್ದರು. ಆ ಒರಟು ಮೊದಲ ಕೆಲವೇ ನಾಣ್ಯಗಳಿಗೆ ಬಾಳುತ್ತಿತ್ತು, ಆಮೇಲೆ ಸವೆದು ಮುಖವೂ ಹೊಳೆಯತೊಡಗುತ್ತಿತ್ತು. 70ರ ದಶಕದಲ್ಲಿ ಅಚ್ಚಿಗೆ ಕ್ರೋಮ್ ಲೇಪ ಬಂದ ಮೇಲೆ ಫ್ರಾಸ್ಟ್ ಬಹಳ ಹೊತ್ತು ನಿಲ್ಲತೊಡಗಿತು.

ನೋಡುವಾಗ ಎರಡೂ ಬದಿ ನೋಡಿ. ಮುಂಬದಿ ಹಿಮ, ಹಿಂಬದಿ ಬರಿ ಹೊಳಪು ಅಂದರೆ ಅದಕ್ಕೆ ಕ್ಯಾಮಿಯೊ ಪಟ್ಟ ಸಿಗುವುದಿಲ್ಲ. ಫೋಟೊ ನೋಡಿ ಕೊಳ್ಳುವವರು ಇಲ್ಲೇ ಏಮಾರುತ್ತಾರೆ. ಬೆಳಕನ್ನು ಸರಿಯಾದ ಕೋನದಲ್ಲಿ ಇಟ್ಟರೆ ಯಾವ ಸಾಧಾರಣ ಪ್ರೂಫನ್ನೂ ಕಪ್ಪು ಬಿಳುಪಾಗಿ ತೋರಿಸಬಹುದು. ಓರೆ ಮಾಡಿದ ಇನ್ನೊಂದು ಫೋಟೊ, ಸಾಧ್ಯವಾದರೆ ಹತ್ತು ಸೆಕೆಂಡಿನ ವಿಡಿಯೊ ಕೇಳಿ. ಕೊಡಲು ತಕರಾರು ಮಾಡಿದರೆ ಬಿಟ್ಟುಬಿಡಿ.

ಈಗ ಕೆನಡಿ

ವಿನ್ಯಾಸದ ಬಗೆ ಗುರುತಿಸುವುದು ಕಲಿಯಬೇಕು ಅಂದರೆ 1964ರ ಕೆನಡಿ ಅರ್ಧ ಡಾಲರ್‌ಗಿಂತ ಒಳ್ಳೆಯ ಪಾಠ ಇಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ ಸತ್ತದ್ದು 1963ರ ನವೆಂಬರ್ 22ಕ್ಕೆ. ಅವರ ನಾಣ್ಯಕ್ಕೆ ಡಿಸೆಂಬರ್ 30ಕ್ಕೆ ಕಾನೂನು ಆಯಿತು, ಮಾರ್ಚ್ ಹೊತ್ತಿಗೆ ನಾಣ್ಯ ಜನರ ಕೈಗೆ ಬಂತು. ಮುಂಬದಿ ಮಾಡಿದ್ದು ಗಿಲ್‌ರಾಯ್ ರಾಬರ್ಟ್ಸ್, ಹಿಂಬದಿ ಫ್ರಾಂಕ್ ಗ್ಯಾಸ್ಪಾರೊ. ಅಷ್ಟು ಅವಸರದ ಕೆಲಸ. ಮೊದಮೊದಲು ಬಂದ ಪ್ರೂಫ್‌ಗಳಲ್ಲಿ ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ದಪ್ಪವಾಗಿತ್ತು. ಆಮೇಲೆ ಅದನ್ನು ಮೆದು ಮಾಡಿದರು. ಕೆನಡಿಯ ಹೆಂಡತಿ ಜಾಕ್ವೆಲಿನ್‌ಗೆ ಆ ಕೂದಲು ಹಿಡಿಸಲಿಲ್ಲ, ಅದಕ್ಕೇ ಬದಲಾಯಿತು ಅಂತ ಒಂದು ಕತೆ ಇದೆ. ಅಂಗಡಿಯವರೆಲ್ಲ ಅದನ್ನು ಹೇಳುತ್ತಾರೆ, ಕೇಳಲು ಚೆನ್ನಾಗಿದೆ, ಕತೆ ಅಂತಲೇ ಇಟ್ಟುಕೊಳ್ಳಿ.

ಹಳೆಯ ಬಗೆಗೆ ಆಕ್ಸೆಂಟೆಡ್ ಹೇರ್ ಅಂತ ಹೆಸರು. ಆ ವರ್ಷ ಒಟ್ಟು 39,50,762 ಪ್ರೂಫ್ ಕೆನಡಿಗಳು ಆದವು, ಅದರಲ್ಲಿ ಇವು ನೂರಕ್ಕೆ ಒಂದರಿಂದ ಮೂರು ಇರಬಹುದು ಅನ್ನುವುದು ಸಂಗ್ರಾಹಕರ ಅಂದಾಜು. ಸೆಟ್‌ನ ಅಂದಿನ ಬೆಲೆ 2 ಡಾಲರ್ 10 ಸೆಂಟ್.

ಹುಡುಕುವುದು ಹೀಗೆ. ಕೂದಲಿನಿಂದ ಶುರು ಮಾಡಬೇಡಿ. ನಾನು ಎರಡು ವರ್ಷ ಕೂದಲನ್ನೇ ದಿಟ್ಟಿಸಿ ಪ್ರತಿಯೊಂದರಲ್ಲೂ ದಪ್ಪ ಕೂದಲು ಕಂಡುಕೊಂಡೆ, ಆಸೆ ಇದ್ದರೆ ಕಣ್ಣು ಏನನ್ನಾದರೂ ತೋರಿಸುತ್ತದೆ. ಮೊದಲು ಮೇಲಿರುವ ಲಿಬರ್ಟಿ ಪದಕ್ಕೆ ಹೋಗಿ. ಎಡದಿಂದ ಎರಡನೆಯ ಅಕ್ಷರ, 'ಐ'. ಅದರ ಬುಡದಲ್ಲಿ ಎಡಕ್ಕೂ ಬಲಕ್ಕೂ ಚಾಚಿದ ಸಣ್ಣ ಪಾದ ಇರುತ್ತದೆ. ಸಾಮಾನ್ಯ ಬಗೆಯಲ್ಲಿ ಎರಡೂ ಪಾದ ಸರಿಯಾಗಿವೆ. ಆಕ್ಸೆಂಟೆಡ್ ಹೇರ್‌ನಲ್ಲಿ ಕೆಳಗಿನ ಎಡಪಾದ ಮುರಿದುಹೋದ ಹಾಗೆ, ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಇದು ಇದೆ ಅಥವಾ ಇಲ್ಲ, ನಡುವೆ ಏನೂ ಇಲ್ಲ, ಅದಕ್ಕೇ ನನಗೆ ಇದು ಇಷ್ಟ. 'ಐ' ಹೌದು ಅಂದರೆ ಆಗ ಕಿವಿಯ ಮೇಲಕ್ಕೆ ಇಳಿಯಿರಿ. ಕಿವಿಯ ಮೇಲೆ, ಬೈತಲೆಯ ಕೆಳಗೆ, ಬಾಚಣಿಗೆ ಒತ್ತಿ ಎಳೆದ ಹಾಗೆ ದಪ್ಪ ಎಳೆಗಳು ಕಾಣಬೇಕು. ಎರಡೂ ಕೂಡಿ ಬಂದರೆ ಅದೇ. ಸಾಮಾನ್ಯ ಕೆನಡಿ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಹತ್ತು ಸೆಕೆಂಡಿನ ಕೆಲಸ.

ಇಲ್ಲಿಂದ ಒಂದು ಅಭ್ಯಾಸ ಕಲಿಯಬಹುದು. ಪ್ರತಿ ಬಗೆಗೂ ಹೌದು ಅಥವಾ ಅಲ್ಲ ಅನ್ನಿಸುವ ಒಂದು ಚಿಕ್ಕ ಜಾಗ ಇರುತ್ತದೆ, ಒಟ್ಟಾರೆ ನೋಟ ಬಿಟ್ಟು ಆ ಜಾಗಕ್ಕೇ ಹೋಗಬೇಕು.

1956ರ ಫ್ರಾಂಕ್ಲಿನ್‌ನಲ್ಲಿ ಆ ಜಾಗ ಹಿಂಬದಿಯ ಹದ್ದು. ಅರ್ಧ ಡಾಲರ್ ಮೇಲೆ ಹದ್ದು ಇರಲೇಬೇಕು ಅಂತ ಕಾನೂನು ಇತ್ತು, ಹಾಗಾಗಿ ದೊಡ್ಡ ಗಂಟೆಯ ಬಲಕ್ಕೆ ಗುಬ್ಬಿಯಷ್ಟು ಸಣ್ಣ ಹದ್ದು ಕೂರಿಸಿದ್ದಾರೆ. ಪಾಪ, ನೆಂಟರ ಮನೆ ಮದುವೆ ಫೋಟೊದಲ್ಲಿ ಮೂಲೆಗೆ ನಿಂತವರ ಹಾಗೆ ಇದೆ. ಅದು ಕೂತ ಕಡ್ಡಿಯ ಎಡಕ್ಕೆ ಎಷ್ಟು ಗರಿ ಇವೆ ಅಂತ ಎಣಿಸಿ. ನಾಲ್ಕಿದ್ದರೆ ಟೈಪ್ 1, ಮೂರಿದ್ದರೆ ಟೈಪ್ 2. ಟೈಪ್ 1ರಲ್ಲಿ ಹದ್ದು ಚಪ್ಪಟೆ, ಟೈಪ್ 2ರಲ್ಲಿ ಎದ್ದು ಕಾಣುತ್ತದೆ. ಆ ವರ್ಷದ 6,69,384 ಪ್ರೂಫ್‌ಗಳಲ್ಲಿ ಕಡಿಮೆ ಇರುವುದು ಟೈಪ್ 1.

ಸೆಂಟ್‌ಗಳಲ್ಲಿ ತಾರೀಖು ನೋಡಿ. 1960ರ ಸಣ್ಣ ತಾರೀಖಿನಲ್ಲಿ 6ರ ಬಾಲ ಗಿಡ್ಡ, 0 ಪುಟ್ಟದು. ದೊಡ್ಡ ತಾರೀಖಿನಲ್ಲಿ 6ರ ಬಾಲ ಉದ್ದಕ್ಕೆ ಬಾಗಿ ಹೋಗುತ್ತದೆ. 1970ರ 'ಎಸ್' ಸೆಂಟ್‌ನಲ್ಲಿ 7ರ ತಲೆ ನೋಡಿ. ಅದು 9 ಮತ್ತು 0ರ ತಲೆಯ ಸಮಕ್ಕೆ ಇದ್ದರೆ ಸಣ್ಣ ತಾರೀಖು, ಕೆಳಗಿದ್ದರೆ ದೊಡ್ಡದು. ಎರಡೂ ವರ್ಷ ಬೆಲೆ ಇರುವುದು ಸಣ್ಣದಕ್ಕೆ. ಇನ್ನು 1998 ಮತ್ತು 1999ರ ಪ್ರೂಫ್ ಸೆಂಟ್‌ಗಳು. ಹಿಂಬದಿಯಲ್ಲಿ ಅಮೆರಿಕ ಅನ್ನುವ ಪದದ ಮೊದಲ 'ಎ' ಮತ್ತು 'ಎಂ' ನಡುವೆ ಚೆನ್ನಾಗಿ ಸಂದು ಇರಬೇಕು. ಎರಡೂ ಬುಡದಲ್ಲಿ ಹೆಚ್ಚುಕಡಿಮೆ ತಾಗಿದ್ದರೆ ಸಾಮಾನ್ಯ ನಾಣ್ಯದ ಅಚ್ಚು ತಪ್ಪಿ ಪ್ರೂಫ್‌ಗೆ ಬಂದಿದೆ ಅಂತ ಅರ್ಥ, ಎತ್ತಿಡಿ.

ಎಸ್ ಅಕ್ಷರದ ಗೊಂದಲ

1979ರ ಸೆಟ್‌ನ 'ಎಸ್' ಎರಡು ಥರ ಇದೆ. ಟೈಪ್ 1ರಲ್ಲಿ ಅಕ್ಷರ ತುಂಬಿಕೊಂಡು ಮುದ್ದೆಯಾಗಿದೆ, ಟೈಪ್ 2ರಲ್ಲಿ ಹೊಟ್ಟೆಯ ಎರಡೂ ಖಾಲಿ ಜಾಗ ಸ್ಪಷ್ಟ. ಸೂಸನ್ ಆಂಟನಿ ಡಾಲರ್‌ನಲ್ಲಿ ನೋಡುವುದು ಎಲ್ಲಕ್ಕಿಂತ ಸುಲಭ, ಭುಜದ ಮೇಲೇ ಇದೆ. ಬೆಲೆ ಟೈಪ್ 2ಕ್ಕೆ.

1981ರಲ್ಲಿ ಎಲ್ಲರೂ ಎಡವುತ್ತಾರೆ. 1979ರಲ್ಲಿ ಸ್ಪಷ್ಟವಾಗಿದ್ದ ಅದೇ ಪಂಚು (ಅಚ್ಚಿನ ಮೇಲೆ ಅಕ್ಷರ ಹೊಡೆಯುವ ಉಪಕರಣ) 1981ರ ಹೊತ್ತಿಗೆ ಸವೆದಿತ್ತು, ಅದೇ 1981ರ ಟೈಪ್ 1. ಹೊಸ ಪಂಚು ಬಂದದ್ದು ಟೈಪ್ 2. ಆದ್ದರಿಂದ ಸ್ವಲ್ಪ ಸ್ಪಷ್ಟವಾಗಿ ಕಂಡ 1981ರ ಟೈಪ್ 1 ಸೆಟ್ಟನ್ನು ಟೈಪ್ 2 ಅಂತ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಪಾಪ ಎಲ್ಲರೂ ಬೇಕಂತಲೇ ಮಾಡುವುದಿಲ್ಲ. ಟೈಪ್ 2ರಲ್ಲಿ ಅಕ್ಷರದ ತುದಿಗಳು ಉಂಡೆಯಾಗಿ, ಮೇಲ್ಮೈ ಚಪ್ಪಟೆಯಾಗಿ ಇರುತ್ತದೆ. ಸೆಟ್‌ನ ಆರೂ ನಾಣ್ಯ ಟೈಪ್ 2 ಆಗಿದ್ದರೇ ಅದನ್ನು ಟೈಪ್ 2 ಸೆಟ್ ಅನ್ನುವುದು. ಒಂದು ನಾಣ್ಯ ನೋಡಿ ದುಡ್ಡು ಕೊಡಬೇಡಿ, ಆರನ್ನೂ ನೋಡಿ.

ಅಕ್ಷರ ಹೀಗೆ ಬದಲಾಗಲು ಕಾರಣ, ಆ ಕಾಲದಲ್ಲಿ ಪ್ರತಿ ಅಚ್ಚಿಗೂ 'ಎಸ್' ಅನ್ನು ಕೈಯಲ್ಲಿ ಪಂಚು ಹಿಡಿದು ಹೊಡೆಯುತ್ತಿದ್ದರು. ಕೈ ಕೆಲಸ ಅಂದ ಮೇಲೆ ಮರೆವು ಇದ್ದದ್ದೇ. 1968, 1970, 1975, 1983ರ ಡೈಮ್ (10 ಸೆಂಟ್ ನಾಣ್ಯ), 1971ರ ನಿಕಲ್, ಇವುಗಳಲ್ಲಿ 'ಎಸ್' ಇಲ್ಲದ ಪ್ರೂಫ್‌ಗಳಿವೆ. 1971ರ ನಿಕಲ್ ಸುಮಾರು 1,655 ಇರಬಹುದು ಅಂತ ಲೆಕ್ಕ. 1975ರ ಡೈಮ್ ಈವರೆಗೆ ಗೊತ್ತಿರುವುದು ಎರಡೇ ಎರಡು. 1990ರ ಸೆಂಟ್‌ನಲ್ಲೂ 'ಎಸ್' ಇಲ್ಲದ್ದು ಇದೆ, ಆದರೆ ಅದರ ಕತೆ ಬೇರೆ, ಸಾಮಾನ್ಯ ನಾಣ್ಯಕ್ಕೆ ಹೋಗಬೇಕಾದ ಅಚ್ಚು ಪ್ರೂಫ್ ಕಡೆ ಬಂದುಬಿಟ್ಟಿತ್ತು. ಇಂಥದ್ದು ಸಿಕ್ಕಿತು ಅಂತ ಕುಣಿಯುವ ಮೊದಲು ಎರಡು ಅನುಮಾನ ಇಟ್ಟುಕೊಳ್ಳಿ. ಒಂದು, ಅದು ನಿಜಕ್ಕೂ ಪ್ರೂಫೋ ಅಥವಾ ಫಿಲಡೆಲ್ಫಿಯಾದ ಹೊಳೆಯುವ ಸಾಮಾನ್ಯ ನಾಣ್ಯವೋ, ಅಂಚು ನೋಡಿ. ಎರಡು, ಯಾರಾದರೂ 'ಎಸ್' ಅನ್ನು ಕೆರೆದು ತೆಗೆದಿದ್ದಾರೋ. ಪ್ರೂಫ್‌ನಲ್ಲಿ ಇದನ್ನು ಮುಚ್ಚಿಡುವುದು ಕಷ್ಟ. ಸುತ್ತ ಕನ್ನಡಿ, ಅಕ್ಷರ ಇರಬೇಕಾದ ಜಾಗದಲ್ಲಿ ಮಾತ್ರ ಮಂಕು ಅಥವಾ ಸಣ್ಣ ಅಲೆ ಕಂಡರೆ, ಅಲ್ಲಿ ಕೈ ಆಡಿದೆ. ಮತ್ತೆ ಅದೇ ಮೊದಲ ಪ್ರಶ್ನೆ ನೋಡಿ.

ಐಸೆನ್‌ಹೋವರ್ ಡಾಲರ್ ಬಗ್ಗೆ ಒಂದೇ ಮಾತು. 1975ರ ಪ್ರೂಫ್ ಸೆಟ್ ತೆಗೆದರೆ ಕಾಲು, ಅರ್ಧ, ಡಾಲರ್ ಮೂರರ ಮೇಲೂ 1776-1976 ಅಂತ ಇರುತ್ತದೆ, ಯಾರೋ ನಾಣ್ಯ ಬದಲಾಯಿಸಿದ್ದಾರೆ ಅಂತ ಗಾಬರಿಯಾಗಬೇಡಿ, ಅದು ಸರಿಯೇ. ಆ ಸೆಟ್‌ನ ಡಾಲರ್‌ನಲ್ಲಿ ಹಿಂಬದಿಯ ಅಕ್ಷರ ದಪ್ಪ, ಟೈಪ್ 1. 1976ರ ಸೆಟ್‌ನಲ್ಲಿ ಅಕ್ಷರ ತೆಳು, ಟೈಪ್ 2. 1975ರ ಸೆಟ್‌ನಲ್ಲಿ ತೆಳು ಅಕ್ಷರ ಕಂಡರೆ ಆಗ ಗಾಬರಿಯಾಗಿ.

ಕೊಳ್ಳುವಾಗ, ಇಡುವಾಗ

"ಟಂಕಸಾಲೆಯಿಂದ ಬಂದ ಹಾಗೇ ಇದೆ, ತೆರೆದೇ ಇಲ್ಲ" ಅನ್ನುವ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಲಕೋಟೆ ತೆರೆದು ಹಾಳೆಯ ಅಂಚು ನೋಡಿ, ಮತ್ತೆ ಅಂಟಿಸಿದ ಗುರುತು ಇದೆಯಾ ಅಂತ. ಒಳ್ಳೆಯ ಕೆನಡಿಯನ್ನು ತೆಗೆದು ಸಾಧಾರಣದ್ದನ್ನು ತುರುಕಿದ ಸೆಟ್ಟು ನನಗೇ ಎರಡು ಸಲ ಸಿಕ್ಕಿದೆ. ಪ್ಲಾಸ್ಟಿಕ್ ಹಾಳೆಯ ಸುಕ್ಕು ನಾಣ್ಯದ ಗೀರಿನ ಹಾಗೆ ಕಾಣುತ್ತದೆ. ಹಾಳೆಯನ್ನು ಮೆಲ್ಲಗೆ ಸರಿಸಿ, ಗೀರೂ ಜೊತೆಗೆ ಸರಿದರೆ ಅದು ಹಾಳೆಯದು.

ಪಿಸಿಜಿಎಸ್‌ನಂಥ ಕಂಪನಿ ಅಂಕ ಕೊಟ್ಟು ಡಬ್ಬಿಯಲ್ಲಿ ಮುಚ್ಚಿದ ನಾಣ್ಯವಾದರೆ 60ರಿಂದ 70ರ ನಡುವಿನ ಅಂಕ ಬರೆದಿರುತ್ತಾರೆ, 60ಕ್ಕಿಂತ ಕೆಳಗೆ ಅಂದರೆ ಸವೆದ ಅಥವಾ ಏಟು ತಿಂದ ಪ್ರೂಫ್. ಅಂಕ ನೋಡಿ, ಆದರೆ ನಾಣ್ಯವನ್ನೂ ನೋಡಿ. ಡಬ್ಬಿಯೊಳಗೇ ಮಬ್ಬು ಬಂದ 67ಕ್ಕಿಂತ ತಿಳಿಯಾದ 66 ನನಗೆ ಮೇಲು.

ಇಡುವುದಕ್ಕೆ ಗಟ್ಟಿ ಅಕ್ರಿಲಿಕ್ ಡಬ್ಬಿ, ಅಥವಾ ಮೈಲಾರ್ ಅನ್ನುವ ಪ್ಲಾಸ್ಟಿಕ್‌ನ ಕವರು. ಮೆತ್ತಗೆ ಮಡಿಸಲು ಬರುವ, ಹೊಸ ಮಳೆಕೋಟಿನ ವಾಸನೆ ಬರುವ ಕವರು ಕಂಡರೆ ಅದು ಪಿವಿಸಿ, ಅವತ್ತೇ ಬಿಸಾಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಂಗಳೂರು, ಉಡುಪಿ ಕಡೆಗೆ ನಾಣ್ಯ ಕೊಂಡೊಯ್ಯುವವರು ಮಳೆಗಾಲದಲ್ಲಿ ಅದನ್ನು ಬದಲಾಯಿಸುತ್ತಿರಬೇಕು.

ನಮ್ಮ ದೇಶದ ಪ್ರೂಫ್‌ಗಳಿಗೂ ಇದೇ ಬಲ್ಬು, ಇದೇ ಓರೆ ನೋಟ ನಡೆಯುತ್ತದೆ. ಮುಂಬೈ ಟಂಕಸಾಲೆಯ ಹಳೆಯ ಪ್ರೂಫ್‌ಗಳಲ್ಲಿ ತಾರೀಖಿನ ಕೆಳಗೆ 'ಬಿ' ಇರುತ್ತದೆ, ಊರಿನ ಹೆಸರು ಮುಂಬೈ ಆದ ಮೇಲಿನವುಗಳಲ್ಲಿ 'ಎಂ'. ಅದೇ ಟಂಕಸಾಲೆಯ ಸಾಮಾನ್ಯ ನಾಣ್ಯದಲ್ಲಿ ಇರುವುದು ವಜ್ರದ ಆಕಾರದ ಪುಟ್ಟ ಗುರುತು. ಹೊಳೆಯುವ ಹಳೆಯ ಸ್ಮಾರಕ ನಾಣ್ಯವನ್ನು ಪ್ರೂಫ್ ಅಂತ ಯಾರಾದರೂ ಕೊಟ್ಟರೆ ಮೊದಲು ಅಲ್ಲಿ ನೋಡಿ. ನೂರು ರೂಪಾಯಿಯ ಹಲವು ದೊಡ್ಡ ಸ್ಮಾರಕ ನಾಣ್ಯಗಳು ಮತ್ತು 2023ರಲ್ಲಿ ಹೊಸ ಸಂಸತ್ ಭವನಕ್ಕೆ ಬಂದ 75 ರೂಪಾಯಿಯ ನಾಣ್ಯ, 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಇವುಗಳಲ್ಲಿ ಬೆಳ್ಳಿ ಅರ್ಧದಷ್ಟೇ. ಉಳಿದದ್ದರಲ್ಲಿ 40 ಭಾಗ ತಾಮ್ರ, ತಲಾ 5 ಭಾಗ ನಿಕಲ್ ಮತ್ತು ಸತು. ಅಷ್ಟು ತಾಮ್ರ ಇರುವುದರಿಂದ ಇವು ಬೇಗ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತವೆ. ಅದು ಲೋಹದ ಗುಣ, ಕೊಳೆ ಅಲ್ಲ. ದೇವರ ಗೂಡಿನ ಕಡೆ ಕೈ ಹೋಗದಿರಲಿ.